ಫಿನ್ನಿಶ್‌ನ ‘ಪೆಲತ’ ಇಂಗ್ಲಿಷ್ ‘ಪ್ಲೇ’ಯಿಂದ ಬಂದಿದ್ದಲ್ಲ

ಫಿನ್ನಿಶ್‌ನಲ್ಲಿ ‘ಪೆಲತ’ ಅಂದರೆ ಆಟ ಆಡು. ಇದು ಇಂಗ್ಲಿಷ್‌ನ ‘ಪ್ಲೇ’ಯಿಂದ ಬಂದಿದೆ ಅನ್ನೋ ಮಾತು ಓಡಾಡುತ್ತಿದೆ. ಕೇಳೋಕೆ ಹೌದಲ್ವಾ ಅನ್ನಿಸುತ್ತದೆ. ಆದರೆ ತಪ್ಪು.

ಈ ಕ್ರಿಯಾಪದ ಬಂದಿದ್ದು ಸ್ವೀಡಿಷ್‌ನ ‘ಸ್ಪೇಲ’ದಿಂದ. ಜರ್ಮನ್‌ನ ‘ಶ್ಪೀಲೆನ್’ ಇದರ ನೆಂಟ. ‘ಪ್ಲೇ’ಯ ಬೇರೇ ಬೇರೆ. 1809ರವರೆಗೆ ಫಿನ್ಲೆಂಡ್ ಸ್ವೀಡನ್ ಆಳ್ವಿಕೆಯಲ್ಲಿತ್ತು. ಹಾಗಾಗಿ ಇಂಥ ಪದಗಳು ಅಲ್ಲಿ ಜಾಸ್ತಿ.

ಹಾಗಾದರೆ ‘ಸ್’ ಎಲ್ಲಿ ಹೋಯಿತು? ಪದದ ಶುರುವಿನಲ್ಲೇ ಎರಡು ಮೂರು ವ್ಯಂಜನ ಒತ್ತೊತ್ತಾಗಿ ಬಂದರೆ ಹಳೆಯ ಫಿನ್ನಿಶ್‌ಗೆ ಒಗ್ಗುತ್ತಿರಲಿಲ್ಲ. ಕೊನೆಯದೊಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟುಬಿಡುತ್ತಿತ್ತು. ಸ್ವೀಡಿಷ್‌ನ ‘ಸ್ಟ್ರಾಂಡ್’ (ದಡ) ಪದದ ಇನ್ನೂ ಹಳೆಯ ಜರ್ಮ್ಯಾನಿಕ್ ರೂಪ (ಸ್ವೀಡಿಷ್, ಜರ್ಮನ್‌ಗಳ ಮೂಲ ಭಾಷೆಯದು) ಅಲ್ಲಿ ‘ರಂತ’ ಆಯಿತು. ಶಾಲೆಯ ‘ಸ್ಕೂಲ’ ‘ಕೊಉಲು’ ಆಯಿತು. ನಮ್ಮ ಹಳ್ಳಿಗಳಲ್ಲೂ ಸ್ಟೇಷನ್ ‘ಟೇಸನ್’ ಆಗಲಿಲ್ವಾ, ಹಾಗೆ! ಕೊನೆಯ ‘ತ’ ಫಿನ್ನಿಶ್‌ನದೇ ಪ್ರತ್ಯಯ. ‘ನಾನು ಆಡುತ್ತೇನೆ’ ಅನ್ನುವಾಗ ಅದು ಕಾಣೋದೇ ಇಲ್ಲ, ಬರೀ ‘ಪೆಲಾನ್’.

ಇನ್ನೊಂದು ವಿಷಯ. ಸ್ವೀಡಿಷ್‌ನಲ್ಲಿ ಫುಟ್‌ಬಾಲ್‌ಗೂ ಪಿಟೀಲಿಗೂ ‘ಸ್ಪೇಲ’ವೇ. ಫಿನ್ನಿಶ್‌ನವರು ಆಟಕ್ಕೆ ಮಾತ್ರ ‘ಪೆಲತ’ ಇಟ್ಟುಕೊಂಡರು. ವಾದ್ಯ ನುಡಿಸೋಕೆ ಅವರದೇ ‘ಸೊಯಿತ್ತಾ’ ಇದೆ.