ಬದನೆಕಾಯಿ ಸುಡಲು ಹೋಗಿ ಏಕಾದಶಿ ಸುಟ್ಟಿದ್ದು

ನನ್ನ ಬಲಗೈ ಹೆಬ್ಬೆರಳು ಇದನ್ನು ಬರೆಯುವಾಗಲೂ ಚುರುಗುಡುತ್ತಿದೆ. ಬೆಂಕಿ ತಗುಲಿದ್ದರೆ ಹೇಳಿಕೊಳ್ಳಲು ಮರ್ಯಾದೆಯಾದರೂ ಇರುತ್ತಿತ್ತು. ಇದು ಬೆಂಕಿ ಬಾರದೆ ಬಂದ ಉರಿ. ಬೆಳಗ್ಗೆ ಏಳರಿಂದ ಎಂಟೂಕಾಲರವರೆಗೆ ಒಂದೇ ಗುಂಡಿಯನ್ನು ಟಕ್ ಟಕ್ ಎಂದು ಒತ್ತಿದ ಫಲ.

ಎಲ್ಲಾ ಶುರುವಾದದ್ದು ಹೊಸ ಗಾಜಿನ ಒಲೆಯಿಂದ. ಅದು ಬಂದ ದಿನವೇ ನನ್ನವಳು ಶಾಸನ ಹೊರಡಿಸಿದಳು: ಇದರ ಮೇಲೆ ಬದನೆಕಾಯಿ ಸುಡುವಂತಿಲ್ಲ. ಬದನೆಕಾಯಿಯ ನೀರು ಬರ್ನರಿನ ತೂತಿಗೆ ಇಳಿಯುತ್ತದೆ, ಕರಕಲು ಸಿಪ್ಪೆ ಗಾಜಿಗೆ ಮೆತ್ತಿಕೊಳ್ಳುತ್ತದೆ, ಉಜ್ಜುವವರು ಯಾರು? ಈ ಪ್ರಶ್ನೆ ಕೇಳಿದಾಗ ಅಪ್ಪ ಪೇಪರ್ ಓದುತ್ತಿದ್ದರು, ನಾನು ಫೋನು ನೋಡುತ್ತಿದ್ದೆ. ಸರಿ, ಬೇಯಿಸಿ ಗೊಜ್ಜು ಮಾಡಿದಳು. ಅಪ್ಪ ಅದಕ್ಕೆ 'ಆಸ್ಪತ್ರೆ ಗೊಜ್ಜು' ಎಂದು ಹೆಸರಿಟ್ಟರು. ಮನೆಯ ಶಾಂತಿಗಾಗಿ ನಾನು ಆನ್‌ಲೈನಿನಲ್ಲಿ ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚ್ ತರಿಸಿದೆ. ಟಿವಿ ಅಡುಗೆಯವರು ಸಿಹಿತಿಂಡಿಯ ಮೇಲೆ ಸಕ್ಕರೆ ಕರಗಿಸುತ್ತಾರಲ್ಲ, ಅದೇ. ಡಬ್ಬದ ಮೇಲೆ 1300 ಡಿಗ್ರಿ ಎಂದು ಬರೆದಿತ್ತು. ಬದನೆಕಾಯಿಗೆ ಧಾರಾಳವಾಯಿತು.

ಟಾರ್ಚ್ ಖಾಲಿಯಾಗಿಯೇ ಬರುತ್ತದೆ. ಬ್ಯೂಟೇನ್ ಗ್ಯಾಸನ್ನು ನಾವೇ ತುಂಬಿಸಬೇಕು. ಟಾರ್ಚನ್ನು ತಲೆಕೆಳಗು ಹಿಡಿದು, ಗ್ಯಾಸಿನ ಡಬ್ಬಿಯನ್ನೂ ತಲೆಕೆಳಗು ಮಾಡಿ ನೆಟ್ಟಗೆ ಒತ್ತಬೇಕಂತೆ. ನಾನು ಕೊಂಚ ಓರೆಯಾಗಿ ಒತ್ತಿದೆ. ಪುಸ್ಸೆಂದು ಬೆರಳ ಮೇಲೆ ಚಿಮ್ಮಿತು. ಈ ಬ್ಯೂಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಕುದಿಯುವ ವಸ್ತು. ಕುದಿಯಲು ಬೇಕಾದ ಶಾಖವನ್ನು ನನ್ನ ಬೆರಳಿನಿಂದಲೇ ಸಾಲ ತೆಗೆದುಕೊಂಡಿತು. ಸುಡಲೆಂದು ತಂದ ಯಂತ್ರ ಮೊದಲ ದಿನವೇ ನನ್ನನ್ನು ಹೆಪ್ಪುಗಟ್ಟಿಸಿತು.

ಇಷ್ಟಾದರೂ ತುಂಬಿದ್ದು ಅರ್ಧವೇ. ಹಳೆಯ ಗಾಳಿ ಒಳಗೇ ಕೂತಿರುತ್ತದಂತೆ. ಸಣ್ಣ ಸ್ಕ್ರೂಡ್ರೈವರಿನಿಂದ ವಾಲ್ವ್ ಒತ್ತಿ ಅದನ್ನು ಮೊದಲು ಹೊರಗೆ ಕಳಿಸಬೇಕಂತೆ. ಇಳಿಯುವವರು ಇಳಿಯದೆ ಹತ್ತುವವರು ಹೇಗೆ ಹತ್ತುವುದು? ಬಸ್ ಕಂಡಕ್ಟರಿಗೆ ಗೊತ್ತಿರುವ ವಿಷಯ ನನಗೆ ಹೊಳೆಯಲಿಲ್ಲ.

ಮೂರು ವಾರ ಹಾಗೂ ಹೀಗೂ ನಡೆಯಿತು. ಒಂದೆರಡು ನಿಮಿಷ ಉರಿದರೆ ಟಾರ್ಚಿನ ಹೊಟ್ಟೆ ತಣ್ಣಗಾಗಿ ಜ್ವಾಲೆ ಸೊರಗುತ್ತಿತ್ತು. ಆಗ ಅದನ್ನು ಆರಿಸಿ ಅಂಗೈಯಲ್ಲಿ ಬೆಚ್ಚಗೆ ಇಟ್ಟುಕೊಂಡು ಕೂರುತ್ತಿದ್ದೆ. ಬದನೆಕಾಯಿ ಬೇಯಲೆಂದು ಟಾರ್ಚಿಗೆ ಬಾಣಂತನ!

ಇವತ್ತು ಬೆಳಗ್ಗೆ ಅದೂ ನಿಂತಿತು. ಸುಯ್ ಎಂದು ಸದ್ದು ಬರುತ್ತಿದೆ, ಟಕ್ ಎಂದು ಬಡಿಯುತ್ತಿದೆ, ಬೆಂಕಿ ಮಾತ್ರ ಇಲ್ಲ. ಆಗ ಅಪ್ಪ ಎದ್ದು ಬಂದರು.

ಅಪ್ಪನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅವರು ಯಾವ ವಸ್ತುವನ್ನೂ ಕಣ್ಣಿನಿಂದ ಪರೀಕ್ಷಿಸುವವರಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ತೆಂಗಿನಕಾಯಿಗಾದರೆ ಇದು ಸರಿಯೇ. ಆದರೆ ಕೀ ಕೊಡಲು ಮರೆತ ಎಚ್‌ಎಂಟಿ ವಾಚನ್ನೂ ಅಲ್ಲಾಡಿಸುತ್ತಿದ್ದರು. ಅದು ಮುಲಾಜಿಗೆ ನಾಲ್ಕು ಸಲ ಟಿಕ್ ಟಿಕ್ ಎಂದು ಸುಮ್ಮನಾಗುತ್ತಿತ್ತು. ಟಿವಿ ರಿಮೋಟು, ಮಾತ್ರೆ ಡಬ್ಬಿ, ಬಿಪಿ ನೋಡುವ ಯಂತ್ರ, ಯಾವುದಕ್ಕೂ ವಿನಾಯಿತಿ ಇಲ್ಲ. ಒಮ್ಮೆ ನೆಟ್‌ವರ್ಕ್ ಸಿಗದ ನನ್ನ ಫೋನನ್ನು ಅಲ್ಲಾಡಿಸಿ ಕೊಟ್ಟರು, ಆ ಕ್ಷಣವೇ ಕರೆ ಬಂತು. ಆಮೇಲೆ ಕೇಳಬೇಕೆ! ವಯಸ್ಸಿನಲ್ಲಿ 14.2 ಕಿಲೋ ಗ್ಯಾಸಿನ ಸಿಲಿಂಡರನ್ನೇ ತಬ್ಬಿ ಎತ್ತಿ ಕುಲುಕಿದವರು. ಯಾವುದನ್ನು ಅಲ್ಲಾಡಿಸಿದರೂ ತೀರ್ಪು ಒಂದೇ: "ಇದೆ ಇದೆ, ಇನ್ನೂ ಇದೆ."

"ಕೊಡೋ ಇಲ್ಲಿ," ಎಂದರು. ಕಿವಿಗೆ ಹಿಡಿದರು. ಕುಲುಕಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಕುಲುಕಿದರು. "ಇದೆ ಇದೆ."

"ಮಾವ, ಅದನ್ನ ಹಾಗೆ ಅಲ್ಲಾಡಿಸಬಾರದಂತೆ," ಎಂದಳು ನನ್ನವಳು.

"ತಳದಲ್ಲಿ ಕೂತಿದೆ ಕಣಮ್ಮ, ಕೆಳಗೆ ಬರಬೇಕು," ಎಂದು ಟಾರ್ಚನ್ನು ಪೂರ್ತಿ ಮಗುಚಿ ಹಿಡಿದು, ಒಲೆಯ ಲೈಟರನ್ನು ಅದರ ಬಾಯಿಗೆ ಹಿಡಿದು ಚಟ್ಟೆನಿಸಿದರು.

ಆವಿಯಾಗಿ ಬರಬೇಕಾದ ಗ್ಯಾಸು ದ್ರವವಾಗಿಯೇ ನುಗ್ಗಿತು. ನೀಲಿ ಸೂಜಿಯಂಥ ಜ್ವಾಲೆಯ ಬದಲು ಮೊಳದುದ್ದದ ಹಳದಿ ನಾಲಿಗೆ ಭಗ್ಗೆಂದು ಹೊರಬಿದ್ದು, ಗೋಡೆಯ ಕ್ಯಾಲೆಂಡರನ್ನು ನೆಕ್ಕಿತು. ನಾನು ಧಡಕ್ಕನೆ ನಾಬ್ ತಿರುಗಿಸಿದೆ, ನನ್ನವಳು ಚೊಂಬಿನ ನೀರು ಎರಚಿದಳು. ನೀರು ಮುಕ್ಕಾಲು ಪಾಲು ನನ್ನ ಮೇಲೆ ಬಿತ್ತು. ಹೊಗೆಯ ಮಧ್ಯೆ ಅಪ್ಪ ಕದಲದೆ ನಿಂತಿದ್ದರು. ಹುಬ್ಬು ಕ್ಷೇಮವಾಗಿತ್ತು, ಮುಖದಲ್ಲಿ ಗೆದ್ದ ಕಳೆ.

"ಇದೆ ಅಂದೆನಲ್ಲ!"

ಕೋಪ ನೆತ್ತಿಗೇರಿತ್ತು. ಆದರೆ ಒಪ್ಪಲೇಬೇಕು, ರೋಗ ಪತ್ತೆಯಾಗಿತ್ತು. ಗ್ಯಾಸು ಇದೆ, ಕಿಡಿ ತಲುಪುತ್ತಿಲ್ಲ. ಗುಂಡಿ ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆ ಒಂದು ಹರಳಿಗೆ ಬಡಿದು ಕಿಡಿ ಹಾರಿಸುತ್ತದೆ. ಒತ್ತಡ ಬಿದ್ದರೆ ಹರಳಿನಲ್ಲಿ ವಿದ್ಯುತ್ ಹುಟ್ಟುವ ಈ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ಸ್ವಲ್ಪ ಒತ್ತಿದರೂ ಕಿಡಿ ಕಾರುವ ಗುಣ ನಮ್ಮ ವಂಶದಲ್ಲಿ ಅದಕ್ಕೂ ಮೊದಲೇ ಇತ್ತು ಎನ್ನುವುದು ಅಮ್ಮನ ವಾದ. ಕಿಡಿಯ ತಂತಿಗೆ ಬದನೆಕಾಯಿಯ ಎಣ್ಣೆ, ಮಸಿ ಮೆತ್ತಿಕೊಂಡಿತ್ತು. ಗ್ಯಾಸಿನ ತೂತೂ ಅರ್ಧ ಕಟ್ಟಿದಂತಿತ್ತು.

"ತಡಿ," ಎಂದು ಅಪ್ಪ ಒಳಗೆ ಹೋಗಿ, ಶೇವಿಂಗ್ ಡಬ್ಬಿಯಿಂದ ಏನನ್ನೋ ತಂದು ಅಂಗೈ ಬಿಚ್ಚಿದರು. ಪಂಪ್ ಸ್ಟೌ ಪಿನ್ನು! ತಗಡಿನ ಚಿಕ್ಕ ಪಟ್ಟಿ, ತುದಿಯಲ್ಲಿ ಕೂದಲೆಳೆಯಂಥ ತಂತಿ. ನಮ್ಮ ಹಿತ್ತಾಳೆ ಸ್ಟೌ ಮನೆ ಬಿಟ್ಟು ಮೂವತ್ತು ವರ್ಷವಾದರೂ ಆಗಿದೆ. ರೇಷನ್ ಸೀಮೆಎಣ್ಣೆಯ ಕಸ ಕಟ್ಟಿಕೊಂಡು ಸ್ಟೌ ಬಿಕ್ಕಿದಾಗ ಅಪ್ಪ ಉಸಿರು ಬಿಗಿಹಿಡಿದು ಈ ಪಿನ್ನು ಚುಚ್ಚುತ್ತಿದ್ದರು, ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಟಾರ್ಚ್ ಹಿಡಿಯುತ್ತಿದ್ದೆ, ಬೆಳಕು ಬಿಡುವ ಟಾರ್ಚು. ಪಿನ್ನು ಒಳಗೇ ಮುರಿದರೆ ಅವತ್ತು ಎಲ್ಲರಿಗೂ ಮೊಸರವಲಕ್ಕಿ. ಬುಸ್ಸೆಂದು ನೀಲಿ ಜ್ವಾಲೆ ಎದ್ದಾಗ ಅಪ್ಪ ನನ್ನ ಕಡೆ ನೋಡುತ್ತಿದ್ದ ನೋಟ ನನಗೆ ಈಗಲೂ ನೆನಪಿದೆ.

ಅದೇ ನೋಟದಿಂದ ಪಿನ್ನನ್ನು ಈ ತೂತಿಗೆ ಹಿಡಿದರು. ಒಳಗೆ ಹೋಗಲಿಲ್ಲ. ತೂತು ಅದಕ್ಕಿಂತ ಸಣ್ಣದು. ಕನ್ನಡಕ ಬದಲಾಯಿಸಿ ಮತ್ತೆ ನೋಡಿದರು. ತೂತು ದೊಡ್ಡದಾದರೆ ಟಾರ್ಚ್ ಕೆಟ್ಟೇಹೋಗುತ್ತದೆ ಎಂದು ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಅವರೇ ಪಿನ್ನನ್ನು ಒರೆಸಿ ಜೇಬಿಗೆ ಹಾಕಿಕೊಂಡರು.

ಕೊನೆಗೆ ಗೆದ್ದದ್ದು ಮಗನ ಸೈಕಲ್ ಪಂಪು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ತೆಗೆದು, ಪಂಪಿನಿಂದ ನಾಲ್ಕು ಸಲ ಗಾಳಿ ಹೊಡೆದು, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ನೋಡಿಕೊಂಡು ಒತ್ತಿದೆ. ಟಕ್. ಹತ್ತಿತು! ಬದನೆಕಾಯಿಯ ಒಂದು ಮಗ್ಗುಲು ಕರ್ರಗಾಗುವಷ್ಟರಲ್ಲಿ ಗ್ಯಾಸು ಮುಗಿಯಿತು. ಉಳಿದರ್ಧ ಹುಳಿಗೆ ಹೋಯಿತು.

ಅಪ್ಪ ಟಾರ್ಚನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಮೊದಲ ಬಾರಿಗೆ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಅಮ್ಮ ದೇವರ ಮನೆಯಿಂದ ಬಂದು ಕ್ಯಾಲೆಂಡರ್ ನೋಡಿದಳು. ತಿಂಗಳ ಕೊನೆಯ ಸಾಲು ಪೂರ್ತಿ ಬೂದಿ. "ಏಕಾದಶಿ ಎಲ್ಲೋ?" ಎಂದಳು. ಅಪ್ಪ ನನ್ನ ಕಡೆ ಕೈ ತೋರಿಸಿ ಹೊರಗೆ ವಾಕಿಂಗ್ ಹೊರಟರು. ಅಮ್ಮ ಈಗ ಪಕ್ಕದ ಮನೆಯವರ ಹತ್ತಿರ ಏಕಾದಶಿ ಕೇಳಲು ಹೋಗಿದ್ದಾಳೆ. ಹೋಗಿ ಮುಕ್ಕಾಲು ಗಂಟೆಯಾಯಿತು. ಬರೀ ತಿಥಿ ಕೇಳಲು ಇಷ್ಟು ಹೊತ್ತು ಬೇಕಿಲ್ಲ.