ಬಂಗಾರದ ಬೆಳಕಿಗೆ ಕಾದವರು

ಕಾರವಾರದ ಆಚೆ, ಮಾಜಾಳಿಯಿಂದ ಗುಡ್ಡ ಹತ್ತಿ ಇಳಿದರೆ ತಿಳಮಾತಿ ಕಡಲತೀರ. ಅಲ್ಲಿನ ಮರಳು ಕರಿ ಎಳ್ಳಿನ ಬಣ್ಣದ್ದು. ನನ್ನ ಭಾವಮೈದುನ ಛಾಯಾಗ್ರಾಹಕ, ಅಂದರೆ ಕ್ಯಾಮೆರಾ ಕೊಂಡಿದ್ದಾನೆ. ಅವನಿಗೆ ಬೇಕಾದದ್ದು ಬಂಗಾರದ ಬೆಳಕು. ಅದಕ್ಕಾಗಿ ಇಡೀ ಸಂಸಾರವನ್ನು ಮಧ್ಯಾಹ್ನ ಮೂರಕ್ಕೇ ತಂದು ಸುರಿದ. ಕರಿ ಮರಳು ಬಿಸಿಲನ್ನು ಕುಡಿದು ಕೂತಿತ್ತು. ಬರಿಗಾಲಿಟ್ಟ ನನ್ನ ಹೆಂಡತಿ, ಭರತನಾಟ್ಯ ಕಲಿಯದಿದ್ದರೂ, ಒಂದು ಜತಿ ಪೂರ್ತಿ ಮುಗಿಸಿದಳು.

“ನೀರಿನ ಅಂಚಿಗೆ ಬೇಡವೋ ತಮ್ಮಾ, ಉಬ್ಬರ ಬರುತ್ತದೆ.”

“ಇವತ್ತು ಅಷ್ಟಮಿ ಅಕ್ಕಾ. ಹುಣ್ಣಿಮೆ, ಅಮಾವಾಸ್ಯೆಯ ಅಬ್ಬರ ಇರುವುದಿಲ್ಲ.”

ಮಾತೇನೋ ಸರಿಯೇ. ಆದರೆ ಅಬ್ಬರವಿಲ್ಲದ ಉಬ್ಬರಕ್ಕೂ ಚಪ್ಪಲಿ ಒಯ್ಯುವಷ್ಟು ತ್ರಾಣ ಇರುತ್ತದೆ.

ಇತ್ತ ಟ್ರೈಪಾಡಿನ ಒಂದು ಕಾಲಿನ ಬುಡದಲ್ಲಿ ಏಡಿಯೊಂದು ಬಿಲ ತೋಡುತ್ತಿತ್ತು. ಒಳಗೆ ಹೋಗುವುದು, ಒಂದು ಹಿಡಿ ಮರಳನ್ನು ಅವಚಿಕೊಂಡು ಬರುವುದು, ದೂರ ಎಸೆಯುವುದು, ಕಣ್ಣೆರಡನ್ನೂ ನೆಟ್ಟಗೆ ನಿಲ್ಲಿಸಿ ನಮ್ಮನ್ನು ಒಮ್ಮೆ ನೋಡುವುದು. ಲೋಕೋಪಯೋಗಿ ಕೆಲಸ ಇಷ್ಟು ಶ್ರದ್ಧೆಯಿಂದ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕ್ಯಾಮೆರಾ ಮೆಲ್ಲಗೆ ಗೋವೆಯ ಕಡೆಗೆ ವಾಲತೊಡಗಿತು.

ಐದೂವರೆಗೆ ಪಶ್ಚಿಮದಲ್ಲಿ ಮೋಡ ಕವಿಯಿತು. ಸಮುದ್ರ ಸೀಸದ ಬಣ್ಣಕ್ಕೆ ತಿರುಗಿತು, ಭಾವಮೈದುನನ ಮುಖವೂ. ಕೊನೆಗೆ ಮೋಡದ ಕೆಳ ಅಂಚಿನಿಂದ ಸೂರ್ಯ ಜಾರಿ ಹೊರಬಿದ್ದ, ದಿಗಂತದ ದಪ್ಪ ಗಾಳಿಯಲ್ಲಿ ಬೆಳಕು ಬಾಗಿ ಅಡ್ಡಡ್ಡ ಚಪ್ಪಟೆಯಾಗಿ. ನೀರು ಮುಟ್ಟಿದ ಮೇಲೆ ಅವನು ಪೂರ್ತಿ ಮುಳುಗಲು ಎರಡು-ಮೂರು ನಿಮಿಷ ಸಾಕು. ಅಷ್ಟೇ ಹೊತ್ತಿಗೆ ಸರಿಯಾಗಿ ಅಲೆಯೊಂದು ನುಗ್ಗಿತು. “ಭಾವಾ, ಚಪ್ಪಲಿ, ಹಿಡಿಯಿರಿ!” ಎಂದು ಕೂಗುತ್ತಾ ಅವನೇ ನೀರಿಗೆ ಓಡಿದ. ಎಡಗಾಲಿನದು ಸಿಕ್ಕಿತು. ಸೂರ್ಯ ಸಿಗಲಿಲ್ಲ.

ಮಾತಿಲ್ಲದೆ ಕ್ಯಾಮೆರಾವನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಚಕ್ಕುಲಿ ಡಬ್ಬಿ ಇಟ್ಟ. ಗುಡ್ಡದ ಅರ್ಧ ಏರಿದ್ದೆವು. ಮುಳುಗಿದ ಸೂರ್ಯ ಕೆಳಗಿನಿಂದಲೇ ಮೋಡದ ಹೊಟ್ಟೆಗೆ ಬೆಳಕು ಹಾಯಿಸಿದ. ಆಕಾಶ ಕುಂಕುಮದ ಬಣ್ಣ ತಾಳಿತು. ಒದ್ದೆ ಕರಿ ಮರಳಿನಲ್ಲಿ ಇನ್ನೊಂದು ಆಕಾಶ ಹೊಳೆಯಿತು. ಚಕ್ಕುಲಿ ಡಬ್ಬಿ ಹೊರಬರುವಷ್ಟರಲ್ಲಿ ಅದೂ ಮಾಸಿತ್ತು.

ಅತ್ತೆಯವರು ಅಷ್ಟರಲ್ಲೇ ತಮ್ಮ ಮೊಬೈಲಿನಲ್ಲಿ ತೆಗೆದಿದ್ದರು. ಅದ್ಭುತ ಚಿತ್ರ, ಒಂದು ಮೂಲೆಯಲ್ಲಿ ಅವರ ಹೆಬ್ಬೆರಳೂ ಇದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೃದಯ ಒತ್ತಿದರು. ಭಾವಮೈದುನ ಮಾತ್ರ, ಮರುದಿನ ಮಧ್ಯಾಹ್ನ, ಹೆಬ್ಬೆರಳು ಒತ್ತಿದ.