ಪಾಪ, ಕಂಪನಿಗಳು!

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೀಟಿಂಗ್ ಇತ್ತು. ಟೆರೇಸಿನ ಈಜುಕೊಳಕ್ಕೆ ಹೊಸ ಟೈಲ್ಸ್, ಎರಡೂವರೆ ಲಕ್ಷ. ಹತ್ತೇ ನಿಮಿಷದಲ್ಲಿ ಪಾಸ್. ಆಮೇಲೆ ಮನೆಕೆಲಸದವರು ಐನೂರು ರೂಪಾಯಿ ಜಾಸ್ತಿ ಕೇಳುತ್ತಿರುವ ವಿಷಯ ಬಂತು. ಮುಕ್ಕಾಲು ಗಂಟೆ ಹಿಡಿಯಿತು.

'ಸುಮ್ನೆ ಕೊಟ್ಬಿಡೋಕಾಗಲ್ಲ. ಅಪಾತ್ರ ದಾನ ಆಗಬಾರದು, ವಿಚಾರ ಮಾಡಬೇಕು' ಅಂದರು ಮೂರನೇ ಮಹಡಿಯ ಅಂಕಲ್.

ವಿಚಾರ ಶುರುವಾಯಿತು. ಅವರಿಗೆ ಬಸ್ಸು ಫ್ರೀ, ಅಕ್ಕಿ ಫ್ರೀ, ಕರೆಂಟು ಫ್ರೀ, ತಿಂಗಳಿಗೆ 2000 ರೂಪಾಯಿ ಬೇರೆ. ಇನ್ನೂ ಯಾಕೆ? ಕೊಟ್ಟರೆ ಗಂಡ ಕುಡಿಯುತ್ತಾನೆ. ಅವನು ಕುಡಿಯದಿದ್ದರೆ ಮಗ ಮೊಬೈಲ್ ಕೊಳ್ಳುತ್ತಾನೆ. ಅದೂ ಇಲ್ಲದಿದ್ದರೆ ಚೀಟಿ ಹಾಕುತ್ತಾರೆ. ಅಂದರೆ ದುಡ್ಡು ಉಳೀತಿದೆ ಅಂತಾಯ್ತಲ್ವಾ! ಪಂಚವಾರ್ಷಿಕ ಯೋಜನೆಗೂ ಇಷ್ಟು ತಲೆ ಖರ್ಚಾಗಿರಲಿಕ್ಕಿಲ್ಲ.

ಅಂಕಲ್‌ಗೆ 'ಬಿಟ್ಟಿ ಭಾಗ್ಯ' ಅನ್ನುವ ಪದ ನಾಲಿಗೆ ತುದಿಯಲ್ಲೇ ಇರುತ್ತದೆ. ಮಕ್ಕಳು ಅಮೆರಿಕದಲ್ಲಿ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಕರೆಂಟು 200 ಯೂನಿಟ್ ದಾಟುವುದಿಲ್ಲ. ಗೃಹಜ್ಯೋತಿ ಬಡವ ಬಲ್ಲಿದ ಎಂದು ಕೇಳುವುದಿಲ್ಲ ನೋಡಿ, 2023ರ ಆಗಸ್ಟಿನಿಂದ ಅವರದೂ ಸೊನ್ನೆ ಬಿಲ್ಲು. (ಬಿಲ್ಲುಗಳು ಗೇಟಿನ ಹತ್ತಿರ ಬಿದ್ದಿರುತ್ತವೆ. ನನ್ನದೂ ಸೊನ್ನೆಯೇ, ಅದಕ್ಕೇ ಸಭೆಯಲ್ಲಿ ಬಾಯಿ ಬಿಡಲಿಲ್ಲ.) ಮೆಟ್ಟಿಲ ಹತ್ತಿರ ಮೆಲ್ಲಗೆ ಕೇಳಿದೆ. 'ಅದು ಬೇರೆ. ನಾವು ಟ್ಯಾಕ್ಸ್ ಕಟ್ಟೋರು' ಅಂದರು.

ನಮ್ಮ ಮನೆಗೆ ಬರುವ ಅಕ್ಕ ಮಗುವಿಗೆ ದಿನಾ ಐದು ರೂಪಾಯಿಯ ಬಿಸ್ಕತ್ತು ಕೊಳ್ಳುತ್ತಾಳೆ. 2025ರ ಸೆಪ್ಟೆಂಬರ್‌ವರೆಗೆ ಅದಕ್ಕೆ ಶೇ. 18 ಜಿಎಸ್‌ಟಿ ಇತ್ತು. ಅಂಗಡಿಯವನು ಒಂದು ದಿನವೂ ಅವಳನ್ನು 'ಟ್ಯಾಕ್ಸ್ ಕಟ್ಟೋರು' ಎಂದು ಕರೆದು ಕುರ್ಚಿ ಹಾಕಲಿಲ್ಲ. ಅಂಕಲ್ ಷೇರು ಮಾರುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ, ಆಮೇಲೆ ಶೇ. 12.5. ಅದನ್ನು ಬಿಟ್ಟಿ ಅನ್ನಬಾರದು. ವಿನಾಯಿತಿ ಅನ್ನಬೇಕು.

ಕರುಣೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಬೇಕಾದಷ್ಟಿದೆ, ಮಹಡಿ ಮೇಲಿದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ಮೂಲ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿತು. ಬೇರೆ ವಿನಾಯಿತಿ ಕೇಳಬಾರದು, ಅಷ್ಟೇ. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಕೈತಪ್ಪುತ್ತದೆ ಎಂದು ಸರ್ಕಾರವೇ ಹೇಳಿತು. ಆಗ ಈ ಅಂಕಲ್ 'ಮಾಲೀಕ ಕುಡಿದುಬಿಟ್ಟರೆ?' ಎಂದು ಕೇಳಲಿಲ್ಲ. 'ಪಾಪ, ಕಂಪನಿಗಳು ಉಳಿದರೆ ತಾನೇ ಕೆಲಸ' ಅಂದರು. 2015ರ ಬಜೆಟ್‌ನಲ್ಲಿ ಸಂಪತ್ತು ತೆರಿಗೆಯನ್ನೇ ತೆಗೆದರು. ವಸೂಲಿಯ ಖರ್ಚು ಜಾಸ್ತಿ, ಸಿಗುವುದು ಕಡಿಮೆ ಎಂಬ ಕಾರಣಕ್ಕೆ. ಬದಲಿಗೆ ಕೋಟಿ ದಾಟಿದ ಆದಾಯಕ್ಕೆ ಸರ್‌ಚಾರ್ಜ್ ಏರಿಸಿದರು, ನಿಜ. ಆದರೆ ಆದಾಯ ಬೇರೆ, ಆಸ್ತಿ ಬೇರೆ. ಸಿಗುವುದು ಕಡಿಮೆ ಎಂದು ನಮ್ಮ ಅಕ್ಕನ ಬಿಸ್ಕತ್ತನ್ನು ಯಾರೂ ಬಿಡಲಿಲ್ಲವಲ್ಲ.

ಕೊನೆಗೆ ಸಭೆ ಒಂದು ತೀರ್ಮಾನಕ್ಕೆ ಬಂತು. ಐನೂರು ಬೇಡ, ಅಭ್ಯಾಸವಾಗಿಬಿಡುತ್ತದೆ. ಬದಲಿಗೆ ಬೇಸ್‌ಮೆಂಟಿನಲ್ಲಿ ದಾನದ ಪೆಟ್ಟಿಗೆ.

ಮರುದಿನ ಬೆಳಗ್ಗೆ ಅಕ್ಕ ಅದರೊಳಗೆ ಕೈ ಹಾಕಿದಳು. ಜಿಪ್ಪು ಕಿತ್ತುಹೋದ ಸೂಟ್‌ಕೇಸಿನ ಕೆಳಗೆ ಒಂದು ನೀಲಿ ಟೈ ಸಿಕ್ಕಿತು. 'ಇದನ್ನ ಏನ್ ಮಾಡ್ಲಿ ಸರ್?' ಅಂದಳು. ನನಗೂ ಗೊತ್ತಾಗಲಿಲ್ಲ.

ಸರ್ವಿಸ್ ಲಿಫ್ಟಿನಲ್ಲಿ ಈಜುಕೊಳದ ಟೈಲ್ಸ್ ಮೇಲೆ ಹೋಗುತ್ತಿತ್ತು. ಪಕ್ಕದ ಲಿಫ್ಟು ಬಾಗಿಲು ತೆರೆದುಕೊಂಡು ಖಾಲಿ ನಿಂತಿತ್ತು. ಸೆಕ್ಯುರಿಟಿಯವನು ತಲೆ ಅಲ್ಲಾಡಿಸಿದ. ಅವಳು ಟೈಯನ್ನು ವಾಪಸ್ ಪೆಟ್ಟಿಗೆಗೆ ಹಾಕಿ ಏಳನೇ ಮಹಡಿಗೆ ಮೆಟ್ಟಿಲು ಹತ್ತಿದಳು.